ಯಾವ ಕಾಲು, ಮಗಾ?

ಬೆಳಿಗ್ಗೆ ಐದಕ್ಕೆ ಗಂಟೆ. ಬಾರಿಸುವವನು ಕಣ್ಣೂರಿನ ಒಬ್ಬ ಹುಡುಗ, ನಮ್ಮ ಹಾಗೆ ಯೋಗ ಕಲಿಯಲು ಬಂದವನೇ. ಎಲ್ಲರಿಗೂ ಒಂದೊಂದು ಸೇವೆ ಹಂಚಿದ್ದರು. ಅವನಿಗೆ ಗಂಟೆ ಸಿಕ್ಕಿತು, ನನಗೆ ಹಾಲ್ ಗುಡಿಸುವ ಕೆಲಸ. ಮನೆಯಲ್ಲಿ ಅಂಗಳ ಗುಡಿಸಿದರೆ ಅದು ಬರೀ ಗುಡಿಸುವುದು, ಇಲ್ಲಿ ಅದಕ್ಕೆ ಕರ್ಮಯೋಗ ಅಂತ ಹೆಸರು, ಟೈಮ್‌ಟೇಬಲಿನಲ್ಲೂ ಹಾಗೇ ಬರೆದಿತ್ತು. ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ದುಡ್ಡು ನೀನು ಅವರಿಗೆ ಕೊಟ್ಟದ್ದಾ, ಅವರು ನಿನಗೆ ಕೊಟ್ಟದ್ದಾ?"

ಯೋಗ ಟೀಚರ್ ಟ್ರೈನಿಂಗ್ ಕೋರ್ಸ್ ಮುಗಿಸಿ ಬಂದ ಮೇಲೆ ತುಂಬಾ ಜನ ಕೇಳುತ್ತಿದ್ದಾರೆ, ಒಂದು ತಿಂಗಳು ಅಲ್ಲಿ ಎಂತ ಮಾಡಿದ್ದು, ಸರ್ಟಿಫಿಕೇಟಿಗೆ ಬೆಲೆ ಉಂಟಾ, ನಾನೂ ಹೋಗಬಹುದಾ ಅಂತ. ಒಬ್ಬೊಬ್ಬರಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಜಾಗದ ಹೆಸರು ಹೇಳುವುದಿಲ್ಲ, ಯಾಕೆಂದರೆ ಒಳ್ಳೆಯ ಮಾತೂ ಇದೆ, ದೂರೂ ಇದೆ. ಕಾಸರಗೋಡು ಪೇಟೆಯಿಂದ ತೆಂಕಕ್ಕೆ, ರಾತ್ರಿ ಗಾಳಿ ಬೀಸಿದರೆ ಕಡಲಿನ ಸದ್ದು ಕೇಳುವಷ್ಟು ಹತ್ತಿರ, ಅಷ್ಟು ಸಾಕು.

ನನ್ನ ಕಥೆ ಚಿಕ್ಕದು. ಬದಿಯಡ್ಕದ ಹತ್ತಿರ ಮನೆ. ಮನೆಯಲ್ಲಿ ತುಳು, ಕಲಿತದ್ದು ಕನ್ನಡ ಮೀಡಿಯಂ, ಕೆಲಸ ಅಕ್ಷಯ ಕೇಂದ್ರದಲ್ಲಿ (ಕೇರಳದಲ್ಲಿ ಸರಕಾರಿ ಅರ್ಜಿಗಳನ್ನು ಆನ್‌ಲೈನ್ ತುಂಬಿಸಿಕೊಡುವ ಜಾಗ), ಅಲ್ಲಿ ಇಡೀ ದಿನ ಮಲೆಯಾಳ. ಎಂಟು ವರ್ಷ ಕಂಪ್ಯೂಟರಿನ ಮುಂದೆ ಕೂತು ಊರವರ ರೇಷನ್ ಕಾರ್ಡು, ಪೆನ್ಶನ್ ಮಸ್ಟರಿಂಗ್, ಜಾತಿ ಸರ್ಟಿಫಿಕೇಟು ಅಂತ ಅರ್ಜಿ ತುಂಬಿಸಿ ತುಂಬಿಸಿ ಸೊಂಟ ಹೋಯಿತು. ಶಾಲೆಯ ಹಾಲಿನಲ್ಲಿ ಸಂಜೆ ನಡೆಯುತ್ತಿದ್ದ ಯೋಗ ಕ್ಲಾಸಿಗೆ ಸೇರಿದೆ, ಸೊಂಟ ಸರಿಯಾಯಿತು, ಅಷ್ಟರಲ್ಲಿ ಹೇಳಿಕೊಡುತ್ತಿದ್ದ ಟೀಚರ್ ಊರು ಬಿಟ್ಟರು, ಕ್ಲಾಸ್ ನಿಂತಿತು. "ನೀನೇ ಹೇಳಿಕೊಡು" ಅಂತ ಉಳಿದವರು ಗಂಟುಬಿದ್ದರು. ಹಾಗೆ ಹೊರಟದ್ದು. ಮಳೆಗಾಲದಲ್ಲಿ ಫೀಸು ಕಡಿಮೆ, ಅದಕ್ಕೇ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅಂತ ಸೇರಿದೆ. ಅಂದರೆ ಸರಿಯಾಗಿ ನಮ್ಮ ತುಳುವರ ಆಟಿ ತಿಂಗಳು. ಆಟಿಯಲ್ಲಿ ಯಾರಾದರೂ ಹೊಸ ಕೆಲಸ ಶುರು ಮಾಡುತ್ತಾರಾ ಅಂತ ಅಜ್ಜಿ ಗೊಣಗಿದರು.

ಕೋರ್ಸಿನ ಹೆಸರು 200 ಗಂಟೆಯ ಟೀಚರ್ ಟ್ರೈನಿಂಗ್. ಈ 200 ಯಾವ ಋಷಿಯೂ ಹೇಳಿದ ಲೆಕ್ಕ ಅಲ್ಲ. ಅಮೆರಿಕದ ಯೋಗ ಅಲಯನ್ಸ್ ಎಂಬ ಸಂಸ್ಥೆ ಇಟ್ಟ ಅಳತೆ. ಅದು ಸರಕಾರದ್ದಲ್ಲ, ಶಾಲೆಗಳನ್ನೂ ಟೀಚರುಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಳ್ಳುವ ಸಂಸ್ಥೆ, ಪಟ್ಟಿಯಲ್ಲಿ ಇರಬೇಕಾದರೆ ವರ್ಷ ವರ್ಷ ದುಡ್ಡು ಕಟ್ಟಬೇಕು. ನಮ್ಮ ದೇಶದಲ್ಲಿ ಆಯುಷ್ ಸಚಿವಾಲಯದ ಕೆಳಗೆ ಯೋಗ ಸರ್ಟಿಫಿಕೇಶನ್ ಬೋರ್ಡ್ ಅಂತ ಬೇರೆಯೇ ಇದೆ, ಅದರ ಪರೀಕ್ಷೆಯೂ ಬೇರೆ. ಸೇರುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ. ನಾನು ಸೇರಿ ಹತ್ತನೇ ದಿನಕ್ಕೆ ತಿಳಿದುಕೊಂಡೆ. 28 ದಿನದಲ್ಲಿ ನಾಲ್ಕು ಭಾನುವಾರ ರಜೆ, ಉಳಿದ 24 ದಿನಕ್ಕೆ 200 ಗಂಟೆ ಹಂಚಿ ನೋಡಿ, ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಬರುತ್ತದೆ.

ಐದೂವರೆಗೆ ಜಲನೇತಿ. ಹಾಲಿನ ಹಿಂದೆ ಹಂಚಿನ ಮಾಡಿನ ಕೆಳಗೆ ಸಾಲಾಗಿ ನಿಂತು, ಮೂತಿ ಇರುವ ಸಣ್ಣ ಪಾತ್ರೆಯಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಮೂಗಿನ ಒಂದು ಹೊಳ್ಳೆಗೆ ಹೊಯ್ದು ಇನ್ನೊಂದರಿಂದ ಇಳಿಸಬೇಕು. ಅರ್ಧ ಲೀಟರಿಗೆ ಒಂದು ಟೀ ಚಮಚ ಉಪ್ಪು, ಕುದಿಸಿ ಆರಿಸಿದ ನೀರೇ ಆಗಬೇಕು, ಉಸಿರಾಟ ಬಾಯಲ್ಲಿ. ಮೊದಲ ದಿನ ಕಡಲಲ್ಲಿ ಮುಳುಗಿದ ಹಾಗಾಯಿತು. ಎರಡನೇ ದಿನ ಸುಲಭ ಆಯಿತು ಅಂತ ಜಂಬದಲ್ಲಿ, ಕೊನೆಗೆ ಮಾಡಬೇಕಾದ ಕಪಾಲಭಾತಿಯನ್ನು, ಅಂದರೆ ಮೂಗಿನಿಂದ ಉಸಿರನ್ನು ರಭಸದಿಂದ ಹೊರಹಾಕುವುದನ್ನು, ಬಿಟ್ಟೆ. ಒಳಗೆ ಉಳಿದ ನೀರು ಮಧ್ಯಾಹ್ನ ಬಗ್ಗಿದಾಗ ಸೀದಾ ಊಟದ ಬಟ್ಟಲಿಗೇ ಇಳಿಯಿತು, ಸಂಜೆಯವರೆಗೆ ಹಣೆ ಸಿಡಿತ. ಬಗ್ಗಿ ನಿಂತು, ತಲೆ ಆಚೀಚೆ ತಿರುಗಿಸಿ ಮೂಗು ಒಣಗಿಸುವುದೇ ನೇತಿಯ ಅರ್ಧ ಕೆಲಸ.

ಉಳಿದದ್ದು ಹೀಗೆ. ಆರಕ್ಕೆ ಪ್ರಾಣಾಯಾಮ, ಆರೂ ಮುಕ್ಕಾಲಿಂದ ಎಂಟೂವರೆವರೆಗೆ ಆಸನ, ಆಮೇಲೆ ತಿಂಡಿ. ಹತ್ತೂವರೆಗೆ ಶರೀರ ಶಾಸ್ತ್ರ, ಹನ್ನೆರಡಕ್ಕೆ ತತ್ವಶಾಸ್ತ್ರ, ಊಟ, ನನ್ನ ಗುಡಿಸುವಿಕೆ, ಮೂರಕ್ಕೆ ಕಲಿಸುವುದು ಹೇಗೆ ಎಂಬ ಪಾಠ, ನಾಲ್ಕೂವರೆಗೆ ಮತ್ತೆ ಆಸನ, ಕತ್ತಲಾದ ಮೇಲೆ ಭಜನೆ ಅಥವಾ ದೀಪ ನೋಡುವ ತ್ರಾಟಕ, ಒಂಬತ್ತೂವರೆಗೆ ಲೈಟ್ ಆಫ್. ಫೋನು ಮರದ ಪೆಟ್ಟಿಗೆಯಲ್ಲಿ, ರಾತ್ರಿ ಊಟದ ನಂತರ ಅರ್ಧ ಗಂಟೆ ಕೈಗೆ.

ಓದಲು ಶಾಂತವಾಗಿ ಕಾಣುತ್ತದೆ, ಅಲ್ವಾ? ಆದರೆ ಮಳೆ ಇತ್ತು. ಮ್ಯಾಟ್ ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಮೂರು ಜೊತೆ ಪ್ಯಾಂಟ್ ತಂದವರು ನಾಲ್ಕನೇ ದಿನ ಚಂಡಿ ಪ್ಯಾಂಟನ್ನೇ ಹಾಕಿಕೊಂಡು ಸೂರ್ಯ ನಮಸ್ಕಾರ ಮಾಡಿದರು, ಸೂರ್ಯ ಎಲ್ಲಿದ್ದನೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಒಂದು ಹಗ್ಗ ಕಟ್ಟಿತ್ತು, ಅದರಲ್ಲಿ ಎರಡು ಗೇಣು ಜಾಗ ಬೇಕಾದರೆ ಅಡುಗೆಯ ಅಕ್ಕನ ಜೊತೆ ಚೆನ್ನಾಗಿರಬೇಕು. ಅವರದ್ದೂ ತುಳು ಮನೆಮಾತು, ಹಾಗಾಗಿ ನನ್ನ ಪ್ಯಾಂಟು ಬೇಗ ಒಣಗುತ್ತಿತ್ತು. ಇದನ್ನು ಬೆಂಗಳೂರಿನಿಂದ ಬಂದಿದ್ದ ಇಬ್ಬರು ಹುಡುಗಿಯರು ಮೊದಲ ವಾರದಲ್ಲೇ ಕಂಡುಹಿಡಿದು ನನ್ನ ಹತ್ತಿರ ತುಳು ಕಲಿಯಲು ಬಂದರು.

ಊಟಕ್ಕೆ ನೀರುಳ್ಳಿ ಬೆಳ್ಳುಳ್ಳಿ ಇಲ್ಲ, ಚಹಾ ಕಾಫಿ ಇಲ್ಲ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ. ಬೆಂಗಳೂರಿನವರಿಗೆ ಆ ದಪ್ಪ ಅಕ್ಕಿ ನೋಡಿಯೇ ಅಳು ಬರುತ್ತಿತ್ತು, ನನಗೆ ಇಡೀ ದಿನದಲ್ಲಿ ಅದೊಂದೇ ಸಮಾಧಾನ. ಚಹಾದ್ದು ಮಾತ್ರ ಕಷ್ಟ. ಮೂರು ದಿನ ತಲೆನೋವು. ಬೆನ್ನಿನ ಮೂಳೆಗಳ ಲೆಕ್ಕ ನೆನಪಿಡಲು ಶರೀರ ಶಾಸ್ತ್ರದ ಟೀಚರ್ ಒಂದು ಉಪಾಯ ಹೇಳಿಕೊಟ್ಟಿದ್ದರು: ಏಳಕ್ಕೆ ತಿಂಡಿ, ಹನ್ನೆರಡಕ್ಕೆ ಊಟ, ಐದಕ್ಕೆ ಚಹಾ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಚಹಾ ಕೊಡದ ಜಾಗದಲ್ಲಿ ಈ ಲೆಕ್ಕ ಯಾರಿಗೂ ಮರೆಯಲಿಲ್ಲ. ಮೊದಲ ಭಾನುವಾರ ಗೇಟು ತೆರೆದದ್ದೇ ರಸ್ತೆ ಬದಿಯ ಗೂಡಂಗಡಿಗೆ ಓಡಿದೆ, ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಮತ್ತು ಬಿಸಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಹೇಳಿ ಬೆಂಚಿನಲ್ಲಿ ಕೂತರೆ ಪಕ್ಕದಲ್ಲಿ ತತ್ವಶಾಸ್ತ್ರದ ಮಾಷು. ಅವರ ಕೈಯಲ್ಲೂ ಗ್ಲಾಸು. ಇಬ್ಬರೂ ಮಳೆ ನೋಡಿದೆವು.

ಹತ್ತನೇ ದಿನದ ಹೊತ್ತಿಗೆ ಶವಾಸನದಲ್ಲಿ ಒಬ್ಬೊಬ್ಬರಾಗಿ ಅಳಲು ಶುರು ಮಾಡಿದರು. ಒಳಗೆ ಕಟ್ಟಿಕೊಂಡದ್ದು ಬಿಡುಗಡೆ ಆಗುತ್ತಿದೆ ಅಂತ ಹಿರಿಯ ಟೀಚರ್ ಹೇಳಿದರು. ಇರಬಹುದು. ನಾನೂ ಅತ್ತೆ. ನನಗೆ ಗೊತ್ತಿದ್ದ ಕಾರಣ ಇಷ್ಟೇ: ನಿದ್ದೆ ಸಾಲುತ್ತಿರಲಿಲ್ಲ, ಮೈಯೆಲ್ಲ ನೋವು, ಮಗಳಿಗೆ ಜ್ವರ ಅಂತ ಹಿಂದಿನ ರಾತ್ರಿ ಫೋನಿನಲ್ಲಿ ಕೇಳಿದ್ದೆ.

ಈಗ ದೂರು. ಅದೇ ವಾರ ಪಶ್ಚಿಮೋತ್ತಾನಾಸನದಲ್ಲಿ ಕಾಲು ಚಾಚಿ ಬಗ್ಗಿದ್ದಾಗ ಒಬ್ಬ ಸಹಾಯಕ ಟೀಚರ್ ಹಿಂದಿನಿಂದ ಬಂದು, ಒಂದು ಮಾತು ಕೇಳದೆ, ನನ್ನ ಬೆನ್ನ ಮೇಲೆ ಪೂರಾ ಭಾರ ಹಾಕಿ ಒತ್ತಿದರು. ತೊಡೆಯ ಹಿಂದಿನ ಸ್ನಾಯು ಕೂರುವ ಮೂಳೆಗೆ ಹಿಡಿದುಕೊಂಡಿರುತ್ತದಲ್ಲ, ಅಲ್ಲಿ ಚಿಟ್ ಅಂತು. ನೋವಾಯಿತು ಅಂದರೆ "ಅಹಂಕಾರ ಬಿಡಿ" ಎಂಬ ಉತ್ತರ. ಎರಡು ದಿನ ಬಿಟ್ಟು ಶರೀರ ಶಾಸ್ತ್ರದ ಟೀಚರ್ ಅದೇ ಜಾಗವನ್ನು ಚಿತ್ರದಲ್ಲಿ ತೋರಿಸಿ, ಇಲ್ಲಿ ಪೆಟ್ಟಾದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು ಅಂತ ಹೇಳುವಾಗ ನಾನು ಆ ಸಹಾಯಕರ ಮುಖವನ್ನೇ ನೋಡುತ್ತಿದ್ದೆ. ಈಗಲೂ ಬದಿಯಡ್ಕದಿಂದ ಮಂಗಳೂರಿನವರೆಗೆ ಬಸ್ಸಿನಲ್ಲಿ ಕೂತರೆ ಆ ಮನುಷ್ಯನ ನೆನಪಾಗುತ್ತದೆ. ಮುಟ್ಟುವ ಮೊದಲು ಕೇಳುತ್ತಾರಾ ಅಂತ ವಿಚಾರಿಸಿಯೇ ಎಲ್ಲಿಗಾದರೂ ಸೇರಿ, ಫೀಸಿನ ವಿಷಯ ಆಮೇಲೆ.

ತತ್ವಶಾಸ್ತ್ರದ ಮಾಷಿನ ಪಾಠ ನನಗೆ ತುಂಬಾ ಇಷ್ಟ ಆಯಿತು, ಗೂಡಂಗಡಿಯ ಸ್ನೇಹದಿಂದ ಹೇಳುವ ಮಾತಲ್ಲ. ಪತಂಜಲಿಯ 195 ಯೋಗಸೂತ್ರಗಳಲ್ಲಿ (196 ಅಂತ ಎಣಿಸುವವರೂ ಇದ್ದಾರೆ) ಆಸನದ ಬಗ್ಗೆ ಇರುವುದು ಮೂರೇ ಮೂರು ಅಂತ ಅವರು ಹೇಳಿದ ದಿನ, ಅಷ್ಟೂ ಬೆಳಿಗ್ಗೆ ತಲೆಕೆಳಗಾಗಿ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಹಾಗಾದರೆ ಈಗ ನಾವು ಮಾಡುವುದೆಲ್ಲ ಎಲ್ಲಿಂದ ಬಂತು? ಅವರು ಬೋರ್ಡಿನಲ್ಲಿ ಹೆಸರು ಬರೆದರು. ಕೃಷ್ಣಮಾಚಾರ್ಯರು, ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರ. ಅವರ ಶಿಷ್ಯ ಪಟ್ಟಾಭಿ ಜೋಯಿಸರು, ಹಾಸನದ ಹತ್ತಿರದ ಕೌಶಿಕ. ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್, ಆ ‘ಬಿ’ ಅಂದರೆ ಕೋಲಾರ ಜಿಲ್ಲೆಯ ಬೆಳ್ಳೂರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು, 1934ರಲ್ಲಿ ಅವರ ‘ಯೋಗ ಮಕರಂದ’ ಬಂದದ್ದು ಕನ್ನಡದಲ್ಲಿ. ಕನ್ನಡದಲ್ಲಿ! ನಾನು ನೆಟ್ಟಗೆ ಕೂತೆ. ಪಕ್ಕದಲ್ಲಿದ್ದ ಜರ್ಮನಿಯ ಹೆಂಗಸಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಆಕೆ ಮೈಸೂರಿಗೆ ಎರಡು ಸಲ ಹೋಗಿ ಬಂದವಳು. ನಾನು ಮೈಸೂರಿಗೆ ಹೋದದ್ದು ಶಾಲೆಯ ಟೂರಿನಲ್ಲಿ, ಮೃಗಾಲಯ ನೋಡಲು.

ಅಷ್ಟು ಹೆಮ್ಮೆ ಪಟ್ಟು ಎದ್ದು ಮೂರು ಗಂಟೆಯ ಪಾಠಕ್ಕೆ ಹೋದರೆ ಅಲ್ಲಿ ಎಲ್ಲವೂ ಇಂಗ್ಲಿಷ್. ಹದಿನೈದು ನಿಮಿಷ ಜೊತೆಯವರಿಗೆ ಕಲಿಸಿ ತೋರಿಸಬೇಕು. ರಾತ್ರಿ ಕೂತು ಉರು ಹೊಡೆದೆ. ಇನ್ಹೇಲ್, ಎಕ್ಸ್‌ಹೇಲ್ ಎಲ್ಲ ಸರಿಯಾಗಿ ಬಂತು. ನಡುವಿನಲ್ಲಿ ಭಯಕ್ಕೆ "ಲಿಫ್ಟ್ ಯುವರ್ ರೈಟ್ ಲೆಫ್ಟ್ ಲೆಗ್" ಅಂದೆ. ಹನ್ನೊಂದು ಜನ ಪಾಪ ಎರಡೂ ಕಾಲು ಎತ್ತಲು ನೋಡಿದರು. ಅವತ್ತು ಗೊತ್ತಾಯಿತು, ನನ್ನ ಮೈ ಬಗ್ಗುತ್ತದೋ ಇಲ್ಲವೋ ಎಂಬುದು ದೊಡ್ಡ ವಿಷಯವೇ ಅಲ್ಲ. ಇನ್ನೊಬ್ಬರ ಕಾಲು ಎಲ್ಲಿಡಬೇಕು ಅಂತ ಬಾಯಲ್ಲಿ ಹೇಳುವುದೇ ಕಷ್ಟ. ಅದನ್ನು ಕಲಿಯಲಿಕ್ಕೇ ಇಷ್ಟು ದೂರ ಬಂದದ್ದು.

ಊರಿಗೆ ಹೋಗಿ ಕನ್ನಡದಲ್ಲಿ ತಾನೇ ಹೇಳುವುದು ಅಂತ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಲು ಕೂತೆ. ಅಲ್ಲಿ ಬೇರೆ ಪಂಚಾಯಿತಿ ಶುರುವಾಯಿತು. ನಮ್ಮಲ್ಲಿ ತೊಡೆಯಿಂದ ಬೆರಳ ತುದಿಯವರೆಗೆ ಎಲ್ಲವೂ ಕಾಲೇ. ಲೆಗ್ ಕೂಡ ಕಾಲು, ಫುಟ್ ಕೂಡ ಕಾಲು. ಪಾದ ಅಂದರೆ ದೇವರದ್ದೋ ಗುರುಗಳದ್ದೋ ಆಗಿಬಿಡುತ್ತದೆ, ಯಾರೂ ಪಾದಕ್ಕೆ ಮುಳ್ಳು ಚುಚ್ಚಿತು ಅನ್ನುವುದಿಲ್ಲ. ಕೈ ಕಥೆಯೂ ಅದೇ, ತೋಳು ಅಂದರೆ ಅಂಗಿಯ ತೋಳು. ಸೊಂಟ ಅಂದರೆ ವೇಸ್ಟೂ ಹೌದು, ಹಿಪ್ಪೂ ಹೌದು. ಆದರೆ ಹಿಮ್ಮಡಿ, ಅಂಗಾಲು, ಮೀನಖಂಡ ಅಂತ ಎಷ್ಟು ಚಂದದ ಶಬ್ದಗಳು ಇವೆ ನೋಡಿ. ಮೊಣಕಾಲಿನ ಕೆಳಗೆ, ಹಿಂದುಗಡೆ ಮೀನಿನ ಹಾಗೆ ಉಬ್ಬಿದ್ದು ಮೀನಖಂಡ. ಜರ್ಮನಿಯವಳಿಗೆ ಹೇಳಿದೆ, ಆಕೆ ಖುಷಿಯಲ್ಲಿ ಬರೆದುಕೊಂಡಳು. ಕಲಿಸುವ ಟೀಚರಿಗೆ ನನ್ನ ಪಟ್ಟಿ ತೋರಿಸಿದಾಗ ಅವರು ಮಲೆಯಾಳದಲ್ಲೂ ಕಾಲು ಅಂದರೆ ಎಲ್ಲವೂ ಕಾಲೇ ಅಂತ ನಕ್ಕು, "ನೀನು ಕೊನೆಯ ಪರೀಕ್ಷೆಯ ಕ್ಲಾಸನ್ನು ನಿನ್ನ ಭಾಷೆಯಲ್ಲೇ ಮಾಡು" ಅಂದರು. ಯಾವುದು ನನ್ನ ಭಾಷೆ ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ.

ನಡುವೆ ಆಟಿ ಅಮಾವಾಸ್ಯೆ ಬಂತು. ಅದನ್ನು ಬಿಡಲು ಮನಸ್ಸಿಲ್ಲ. ಅಡುಗೆಯ ಅಕ್ಕನ ಮನೆಯವರು ನಸುಕಿಗೇ ಹೋಗಿ ಹಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದಿದ್ದರು, ಕತ್ತಿ ತಾಗಿಸುವ ಹಾಗಿಲ್ಲ. ಅದರ ರಸಕ್ಕೆ ಕರಿಮೆಣಸು, ಓಮ, ಬೆಳ್ಳುಳ್ಳಿ ಹಾಕಿ, ಕಾಯಿಸಿದ ಬೆಣಚುಕಲ್ಲನ್ನು ಚುಂಯ್ ಅಂತ ಮುಳುಗಿಸಿ ನನಗೊಂದು ಲೋಟ ಎತ್ತಿಟ್ಟಿದ್ದರು. ಆ ಅಡುಗೆಮನೆಯೊಳಗೆ ಇಡೀ ತಿಂಗಳಲ್ಲಿ ಬೆಳ್ಳುಳ್ಳಿ ಬಂದದ್ದು ಅದೊಂದೇ ಸಲ. ಕಹಿ ಅಂದರೆ ಕಿವಿಯವರೆಗೆ ಕಹಿ. ಇದು ಯಾವ ಕ್ರಿಯೆ, ಹಠಯೋಗ ಪ್ರದೀಪಿಕೆ ಹೇಳುವ ಆರು ಶುದ್ಧಿ ಕ್ರಿಯೆಗಳಲ್ಲಿ ಬರುತ್ತದಾ ಅಂತ ಜರ್ಮನಿಯವಳು ತುಂಬಾ ಗಂಭೀರವಾಗಿ ಕೇಳಿದಳು. ಇಲ್ಲ, ಇದು ಏಳನೆಯದು ಅಂದೆ. ಹಾಗಂತ ನೀವು ಸುಮ್ನೆ ಕಂಡ ಮರದ ಕೆತ್ತೆ ತೆಗೆಯಲು ಹೋಗಬೇಡಿ. ಕತ್ತಲಲ್ಲಿ ಗುರುತು ತಪ್ಪಿ ಕಾಸರಕನ ಮರದ್ದು ತಂದರೆ ಜೀವಕ್ಕೇ ಅಪಾಯ, ಅದು ಭಯಂಕರ ವಿಷ. ಕಾಸರಗೋಡಿಗೆ ಆ ಹೆಸರು ಬಂದದ್ದೇ ಆ ಮರದಿಂದ ಅನ್ನುವವರೂ ಇದ್ದಾರೆ.

ಕೊನೆಯ ವಾರ ಪರೀಕ್ಷೆಯ ಕ್ಲಾಸ್. ಮುಕ್ಕಾಲು ಗಂಟೆ, ಸಂಜೆ ಐದಕ್ಕೆ. ಅಡುಗೆಯ ಅಕ್ಕ ತಮ್ಮ ಕುಟುಂಬಶ್ರೀ ಮಹಿಳಾ ಸಂಘದ ಹೆಂಗಸರನ್ನು ಕರೆತಂದರು, ಹದಿನಾಲ್ಕು ಜನ. ಹೆಚ್ಚಿನವರು ಐವತ್ತು ದಾಟಿದವರು, ಕೆಲವರು ಸೀರೆಯಲ್ಲಿ, ಕೆಲವರು ನೈಟಿ ಮೇಲೆ ಬೈರಾಸು (ಟವೆಲ್) ಹೊದ್ದು. ತುಳು, ಕನ್ನಡ, ಮಲೆಯಾಳ, ಇಬ್ಬರದು ಬ್ಯಾರಿ. ಹಿರಿಯ ಟೀಚರ್ ಕಂಬದ ಹತ್ತಿರ ಮಾರ್ಕಿನ ಕಾಗದ ಹಿಡಿದು ಕೂತರು.

"ಕೈ ಎರಡೂ ನೆಲಕ್ಕೆ ಊರಿ. ಈಗ ಬಲಗಾಲು ಎರಡು ಕೈಗಳ ನಡುವೆ ತನ್ನಿ."

ಮುಂದಿನ ಸಾಲಿನ ಒಬ್ಬರು ಬಗ್ಗಿದಲ್ಲಿಂದಲೇ ತಲೆ ಎತ್ತಿದರು. "ಯಾವ ಕಾಲು, ಮಗಾ? ಪೂರಾ ಬರುವುದಿಲ್ಲ ಇದು. ಗಂಟಿನವರೆಗೆ ತಂದರೆ ಆಗ್ತದಾ?"

ಹಾಲಿಡೀ ನಗೆ. ನನ್ನ ನೋಟ್‌ಬುಕ್ಕಿನ ಪಟ್ಟಿ ಅಲ್ಲಿಗೆ ಮುಗಿಯಿತು. ಆಮೇಲೆ ಬಾಯಿಗೆ ಬಂದದ್ದು ಹೇಳಿದೆ. ಅಡಿಕೆ ಹೆಕ್ಕುವಾಗ ಬಗ್ಗುತ್ತೇವಲ್ಲ, ಹಾಗೆ ಬಗ್ಗಿ. ನೇಜಿ ನೆಡುವಾಗ ಹಿಂದೆ ಸರಿಯುತ್ತೇವಲ್ಲ, ಹಾಗೆ ಒಂದು ಕಾಲು ಹಿಂದೆ. ಕಡೆಯುವ ಕಲ್ಲಿನ ಮುಂದೆ ಕೂತ ಹಾಗೆ ಕೂತು, ಬೀಸುವ ಕಲ್ಲು ತಿರುಗಿಸಿ. ಇದಕ್ಕೆ ಕೋರ್ಸಿನ ಪುಸ್ತಕದಲ್ಲಿ ಚಕ್ಕಿ ಚಲನಾಸನ ಅಂತ ಹೆಸರು, ಬೆಂಗಳೂರಿನ ಹುಡುಗಿಯರಿಗೆ ಅದನ್ನು ಕಲಿಯಲು ಎರಡು ದಿನ ಬೇಕಾಗಿತ್ತು. ಇವರು ಕೇಳುವ ಮೊದಲೇ ತಿರುಗಿಸುತ್ತಿದ್ದರು. ಕುಕ್ಕರಗಾಲಲ್ಲಿ ಕೂರಿ ಅಂದರೆ ಹಿಮ್ಮಡಿ ನೆಲಕ್ಕೆ ಅಂಟಿಸಿ ಕೂತರು.

ಹಿರಿಯರೆಲ್ಲ ಮನೆಕೆಲಸದಲ್ಲೇ ಯೋಗ ಮಾಡುತ್ತಿದ್ದರು, ಅದಕ್ಕೇ ಗಟ್ಟಿ ಇದ್ದರು ಅಂತ ನಾವು ಹೇಳುತ್ತಾ ಇರುತ್ತೇವೆ. ನಾನೂ ಹೇಳಿದವಳೇ. ಅವತ್ತು ಹತ್ತಿರ ಹೋಗಿ ನೋಡಿದೆ. ಏಳುವಾಗ ಒಬ್ಬೊಬ್ಬರೂ ಮೊಣಗಂಟು ಹಿಡಿದುಕೊಂಡೇ ಏಳುತ್ತಿದ್ದರು, ಒಬ್ಬರಿಗೆ ಬೆನ್ನು ನೆಟ್ಟಗೆ ಮಾಡಲಿಕ್ಕೇ ಆಗುತ್ತಿರಲಿಲ್ಲ, ಎರಡು ಭುಜಗಳೂ ಮುಂದಕ್ಕೆ ಬಿದ್ದುಹೋಗಿದ್ದವು. ಬೆಳಿಗ್ಗೆಯಿಂದ ಬಗ್ಗಿಯೇ ಬಂದವರನ್ನು ನಾನು ಇನ್ನೂ ಇಪ್ಪತ್ತು ನಿಮಿಷ ಬಗ್ಗಿಸಿದ್ದೆ. ಲೆಸನ್ ಪ್ಲಾನಿನಲ್ಲಿ ಇನ್ನೂ ನಾಲ್ಕು ಆಸನ ಬಾಕಿ ಇತ್ತು. ಬಿಟ್ಟೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ, ಕೈ ಮೇಲೆತ್ತಿ ಉಸಿರಾಡಿಸಿದೆ, ಆಮೇಲೆ ಶವಾಸನ ಅಂದೆ.

"ಎಂತ ಅಂದೆ? ಶವದ್ದಾ?" ಅದೇ ಮುಂದಿನ ಸಾಲಿನವರು. "ಆಟಿ ತಿಂಗಳು, ಮುಸ್ಸಂಜೆ ಹೊತ್ತು, ಚಾಪೆ ಹಾಸಿ ಹೆಣದ ಹಾಗೆ ಮಲಗುವುದಾ? ನಾನಿಲ್ಲಪ್ಪ."

ಉಳಿದವರೂ ಎದ್ದು ಕೂತರು. ಕಂಬದ ಹತ್ತಿರ ಪೆನ್ನು ಓಡುತ್ತಿತ್ತು. ನಾನು, "ಅಯ್ಯೋ ಅದು ಬಿಡಿ, ಸುಮ್ನೆ ಮಲಗಿ ದೊಡ್ಡಮ್ಮ. ಮಧ್ಯಾಹ್ನ ಊಟ ಆಗಿ ಚಾವಡಿಯಲ್ಲಿ ಅಡ್ಡ ಆಗುತ್ತೇವಲ್ಲ, ಹಾಗೆ" ಅಂದೆ. "ಅಡ್ಡ ಆಗಲಿಕ್ಕೆ ನಮಗೆ ಯಾವಾಗ ಪುರುಸೊತ್ತು?" ಅನ್ನುತ್ತಲೇ ಮಲಗಿದರು. ಮೊಣಕಾಲಿನ ಕೆಳಗೆ ಸುತ್ತಿದ ಬೈರಾಸು ಇಟ್ಟೆ. ಎರಡು ನಿಮಿಷದಲ್ಲಿ ಯಾರೋ ಗೊರಕೆ ಹೊಡೆದರು.

ಟೈಮ್ ಮುಗಿಯಿತು. ಪುಸ್ತಕದ ಪ್ರಕಾರ ಬಲಕ್ಕೆ ಹೊರಳಿ, ಕೈ ಊರಿ ನಿಧಾನ ಏಳಿ ಅಂತ ಹೇಳಬೇಕು. ಹೇಳಿದೆ, ಕನ್ನಡದಲ್ಲಿ, ತುಳುವಿನಲ್ಲಿ, ಮಲೆಯಾಳದಲ್ಲಿ. ಒಬ್ಬರೂ ಅಲುಗಲಿಲ್ಲ. ಹಿರಿಯ ಟೀಚರ್ ವಾಚಿನ ಮೇಲೆ ಬೆರಳು ಬಡಿದರು. ಅಡುಗೆಯ ಅಕ್ಕ ಕಣ್ಣು ಮುಚ್ಚಿಕೊಂಡೇ, "ಇರ್ಲಿ ಮಾರಾಯ್ತಿ, ಇನ್ನೊಂದು ಐದು ನಿಮಿಷ. ಎದ್ರೆ ಮತ್ತೆ ಒಲೆಯೇ" ಅಂದರು. ಹೊರಗೆ ಮಳೆ ಜೋರಾಗಿ ಬಂತು. ನಾನು ಬಾಗಿಲ ಹತ್ತಿರ ಹೋಗಿ ಕೂತೆ.

ಸಮಯ ಮೀರಿದ್ದಕ್ಕೆ ಮಾರ್ಕು ಕಳೆದರು, ಆಸನದ ಹೆಸರು ಹೇಳದ್ದಕ್ಕೂ ಕಳೆದರು. ಪಾಸಾದೆ. ಸರ್ಟಿಫಿಕೇಟು ನೋಡಿ ಅಮ್ಮ, "ಮಲಗಲಿಕ್ಕೆ ಹೇಳಿಕೊಡುವುದಕ್ಕೂ ಪರೀಕ್ಷೆಯಾ?" ಅಂದರು.

ಬದಿಯಡ್ಕದ ಹತ್ತಿರ ಇರುವವರಿಗೆ: ಭಾನುವಾರ ಸಂಜೆ ನಾಲ್ಕಕ್ಕೆ ಅದೇ ಶಾಲೆಯ ಹಾಲಿನಲ್ಲಿ ಕ್ಲಾಸ್ ಮತ್ತೆ ಶುರುವಾಗಿದೆ. ಮ್ಯಾಟ್ ಬೇಕಾಗಿಲ್ಲ, ಮನೆಯ ಚಾಪೆ ಮತ್ತು ಒಂದು ಬೈರಾಸು ತನ್ನಿ. ಕೊನೆಯ ಇಪ್ಪತ್ತು ನಿಮಿಷ ಮಲಗುವುದಕ್ಕೆ. ಐದೂವರೆಗೆ ಚಹಾ ಇರುತ್ತದೆ.